ಅಪ್ಪ ಹಚ್ಚಿಸಿದ ಸಿಮೆಂಟು, ನಾವು ಕೆತ್ತಿಸಿದ ಸಿಮೆಂಟು

2020ರ ಅಕ್ಟೋಬರ್ ಮಳೆ ನಮ್ಮ ಕಲಬುರಗಿ ಕಡೆಯವರಿಗೆ ನೆನಪಿದ್ದೇ ಇರುತ್ತದೆ. ಭೀಮಾ, ಕಾಗಿಣಾ ಎರಡೂ ತುಂಬಿ ಹರಿದು, ಸೇತುವೆ ಮುಳುಗಿ, ತೊಗರಿ ಹೊಲದಲ್ಲಿ ನೀರು ನಿಂತು ಬೆಳೆ ಕೊಳೆತ ವರ್ಷ. ಅದೇ ವಾರ ನಮ್ಮೂರು ಚಿತ್ತಾಪುರದಿಂದ ಪಕ್ಕದ ಮನೆ ಕಾಕಾ ಫೋನ್ ಮಾಡಿದರು. 'ತಮ್ಮಾ, ನಿಮ್ಮ ಮನಿ ಮಾಳಗಿ ಒಂದು ಮೂಲಿ ಕುಂತದ. ಬಂದು ನೋಡಿ ಹೋಗು.'

ನಾವಾಗ ಕಲಬುರಗಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮ ಜೊತೆಗೇ ಬಂದಿದ್ದಳು. ಊರ ಮನೆಗೆ ನಾಲ್ಕು ವರ್ಷದಿಂದ ಬೀಗ. ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಒಮ್ಮೆ ಹೋಗಿ ಕಸ ಹೊಡೆದು, ದೀಪ ಹಚ್ಚಿ, ಹೊಲಕ್ಕೆ ಚರಗ ಚೆಲ್ಲಿ ವಾಪಸು ಬರುವುದು, ಅಷ್ಟೇ. ಕಾಕಾ ಹೇಳಿದ ಮರುದಿನ ಬೀಗ ತೆಗೆದು ನೋಡಿದರೆ ಪಡಸಾಲೆಯ ಒಂದು ಮೂಲೆಯಲ್ಲಿ ಎರಡು ಜಂತಿ ಮುರಿದು, ಅದರ ಮೇಲಿನ ಫರಸಿ, ಮಣ್ಣು ಎಲ್ಲ ನೆಲಕ್ಕೆ ಬಿದ್ದಿತ್ತು. ಮೇಲೆ ಆಕಾಶ. ಅವ್ವ ಏನೂ ಮಾತಾಡಲಿಲ್ಲ. ಆ ಕೆಸರಿನಲ್ಲಿ ಹೂತಿದ್ದ ಒಂದು ಹಿತ್ತಾಳೆ ತಂಬಿಗೆ ಎತ್ತಿಕೊಂಡು ಸೆರಗಿನಲ್ಲಿ ಒರೆಸುತ್ತಾ ನಿಂತಳು.

ನಮ್ಮದು ಫರಸಿ ಮನೆ. ಬೇರೆ ಕಡೆಯವರಿಗೆ ಅದು ಶಹಾಬಾದ್ ಕಲ್ಲು, ನಮಗೆ ಬರೀ ಫರಸಿ. ಚಿತ್ತಾಪುರ, ಶಹಾಬಾದ್, ವಾಡಿ, ಸೇಡಂ ಸುತ್ತಮುತ್ತ ಬಹಳ ಕಡೆ ಮಣ್ಣಿನ ಕೆಳಗೆ ಇದೇ ಸುಣ್ಣದ ಕಲ್ಲು, ಕಡಕ್ ರೊಟ್ಟಿ ಪೇರಿಸಿಟ್ಟಂತೆ ಪದರು ಪದರಾಗಿ ಮಲಗಿದೆ. ಉಳಿ ಇಟ್ಟು ಬಡಿದರೆ ಹಪ್ಪಳ ಎದ್ದ ಹಾಗೆ ಏಳುತ್ತದೆ. ಹಾಗಾಗಿ ನಮ್ಮಲ್ಲಿ ನೆಲಕ್ಕೂ ಅದೇ, ಗೋಡೆಗೂ ಅದೇ, ಮಾಳಿಗೆಗೂ ಅದೇ, ಬಟ್ಟೆ ಒಗೆಯಲಿಕ್ಕೂ ಅದೇ, ಹೊಲದ ಬೇಲಿಗೂ ಅದನ್ನೇ ಸಾಲಾಗಿ ನಿಲ್ಲಿಸುತ್ತಾರೆ. ನಮ್ಮ ಮನೆಯ ಗೋಡೆ ಎರಡೂವರೆ ಅಡಿ ದಪ್ಪ. ಕಲ್ಲಿನ ಮೇಲೆ ಕಲ್ಲು, ನಡುವೆ ಕೆಸರು ಮಣ್ಣು. ತಲಬಾಗಿಲಿನ ಎರಡೂ ಕಡೆ ಕಟ್ಟೆ, ಒಳಗೆ ಕಂಬಗಳ ಪಡಸಾಲೆ, ನಡುಮನೆ, ದೇವರ ಕೋಣೆ, ಅಡುಗೆಮನೆ, ಹಿಂದೆ ಹಿತ್ತಿಲು, ಹಿತ್ತಿಲಲ್ಲಿ ಬಾವಿ ಮತ್ತು ಒಂದು ಬೇವಿನ ಮರ. ದೊಡ್ಡ ವಾಡೆ ಏನಲ್ಲ. ಒಂದು ಸಂಸಾರ ಇರುವಷ್ಟು ಮನೆ.

ಕೆಡವಿ ಸ್ಲ್ಯಾಬ್ ಹಾಕಿಸಿ ಎಂದು ಹೇಳದ ಒಬ್ಬ ನೆಂಟ ನಮಗಿಲ್ಲ. ನಾನೂ ಹೆಚ್ಚುಕಡಿಮೆ ಅದೇ ಮನಸ್ಸಿನಲ್ಲಿದ್ದೆ. ಅಷ್ಟರಲ್ಲಿ ಹೆಂಡತಿಗೆ ಚಿತ್ತಾಪುರದ ಹತ್ತಿರದ ಒಂದು ಹಳ್ಳಿ ಶಾಲೆಗೆ ವರ್ಗ ಆಯಿತು. ಅವಳು ಟೀಚರ್. ದಿನಾ ಬಸ್ಸಿನಲ್ಲಿ ಓಡಾಡಿ ಸಾಕಾಗಿ ಒಂದು ರಾತ್ರಿ, 'ಅದೇ ಮನೆ ರಿಪೇರಿ ಮಾಡಿಸಿಕೊಂಡು ಅಲ್ಲೇ ಇರೋಣ, ನೀವು ಬೇಕಾದ್ರೆ ಕಲಬುರಗಿಗೆ ಓಡಾಡಿ' ಎಂದಳು. ನ್ಯಾಯವೇ ಅಲ್ವಾ? ಒಪ್ಪಿಕೊಂಡೆ.

ಮೊದಲು ಕಾಗದ. ಹಳೇ ಮನೆ ರಿಪೇರಿ ಎಂದರೆ ಕಲ್ಲು, ಮಣ್ಣು ಎಂದುಕೊಂಡಿದ್ದೆ. ಮೊದಲ ಒಂದು ವರ್ಷ ಹೋಗಿದ್ದು ಬರೀ ಕಾಗದಕ್ಕೆ. ನಮ್ಮ ಮುತ್ತಜ್ಜ ಈ ಮನೆ ಕೊಂಡಿದ್ದು ಫಸಲಿ 1347ರಲ್ಲಿ, ಅಂದರೆ 1937-38. ಆಗ ನಮ್ಮದು ಹೈದರಾಬಾದ್ ಸಂಸ್ಥಾನ, ಸರ್ಕಾರಿ ಭಾಷೆ ಉರ್ದು. ಖರೀದಿ ಪತ್ರ ಪೂರ್ತಿ ಉರ್ದುವಿನಲ್ಲಿ. ನಿಜಾಮರ ಕಾಲದ ಕಾಗದ ಇರುವ ನಮ್ಮ ಭಾಗದ ಬಹಳ ಮನೆಗಳಲ್ಲಿ ಇದೇ ಕತೆ: ಆಸ್ತಿ ನಮ್ಮದು, ಪತ್ರ ಟ್ರಂಕಿನಲ್ಲಿದೆ, ಓದುವವರು ಯಾರೂ ಇಲ್ಲ. ಕೊನೆಗೆ ಕಲಬುರಗಿಯಲ್ಲಿ ಒಬ್ಬ ನಿವೃತ್ತ ಉರ್ದು ಮಾಸ್ತರು ಸಿಕ್ಕರು. ಕನ್ನಡಕ ಹಣೆಗೇರಿಸಿ, ಕಾಗದವನ್ನು ಮೂಗಿನ ಹತ್ತಿರ ಹಿಡಿದು, ಒಂದೊಂದೇ ಸಾಲು ಕನ್ನಡದಲ್ಲಿ ಹೇಳುತ್ತಾ ಹೋದರು. ಬೆಲೆ ಹಾಲಿ ಸಿಕ್ಕಾ 700 ರೂಪಾಯಿ. ಹಾಲಿ ಸಿಕ್ಕಾ ಎಂದರೆ ನಿಜಾಮರ ಸ್ವಂತ ರೂಪಾಯಿ. ಆಮೇಲೆ ಚಕ್ಕುಬಂದಿ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಬಾವಿ, ಉತ್ತರಕ್ಕೆ ಇಬ್ಬರಿಗೂ ಸೇರಿದ ಗೋಡೆ, ದಕ್ಷಿಣಕ್ಕೆ ಬೇವಿನ ಗಿಡ. ಆ ಬೇವಿನ ಗಿಡ ಅಂದರೆ ನನ್ನ ಮಗ ಈಗ ಜೋಕಾಲಿ ಕಟ್ಟಿರುವ ಅದೇ ಮರ.

ಆ ಚಕ್ಕುಬಂದಿ ಓದಿಸಿದ್ದು ಒಳ್ಳೇದೇ ಆಯಿತು. ಈಗಿನ ಖಾತೆಯಲ್ಲಿ ಅಗಲ ಮೂರು ಅಡಿ ಕಡಿಮೆ ಬರೆದಿದ್ದರು. ಯಾವಾಗಲೋ ಒಬ್ಬರು ತಪ್ಪು ಬರೆದಿದ್ದನ್ನು ಮುಂದಿನವರೆಲ್ಲ ನಕಲು ಮಾಡಿಕೊಂಡು ಬಂದಿದ್ದಾರೆ. ಅದನ್ನು ಸರಿ ಮಾಡಿಸಲಿಕ್ಕೆ ಏಳು ತಿಂಗಳು. ಯಾವ ಕಚೇರಿ ಎಂಬುದು ಬೇಡ. ಎಷ್ಟು ಸಲ ಹೋದೆ ಎಂಬುದೂ ಬೇಡ. ಒಂದು ಮಾತು ಮಾತ್ರ ಹೇಳುತ್ತೇನೆ: ಹಳೇ ಮನೆಗೆ ಕೈ ಹಾಕುವವರು ಮೊದಲು ಟೇಪು ಹಿಡಿದು ತಾವೇ ಅಳೆಯಿರಿ, ಆಮೇಲೆ ಖಾತೆ ನೋಡಿ. ಗೋಡೆ ಕಟ್ಟಿದ ಮೇಲೆ ಗೊತ್ತಾದರೆ ಪಕ್ಕದವರ ಜೊತೆ ಜಗಳ ಗ್ಯಾರಂಟಿ.

ಇನ್ನು ಹಿಸ್ಸೆ. ಅಪ್ಪನಿಗೆ ಒಬ್ಬ ತಮ್ಮ, ಒಬ್ಬ ತಂಗಿ. ಕಾಕಾ ಹೈದರಾಬಾದಿನಲ್ಲಿ ಸೆಟ್ಲ್ ಆಗಿದ್ದಾರೆ, ಅವರ ಪಾಲಿನ ದುಡ್ಡು ಮಾತಾಡಿ ಮುಗಿಸಿದೆವು. ಅತ್ತೆ ಹುಮನಾಬಾದಿನಲ್ಲಿ. ಅತ್ತೆ ದುಡ್ಡು ಬೇಡ ಎಂದರು. ಸಹಿ ಹಾಕುವ ಮುಂಚೆ ಒಂದೇ ಷರತ್ತು. 'ಪಡಸಾಲ್ಯಾಗಿನ ಬೀಸೋಕಲ್ಲು ಇದ್ದಲ್ಲೇ ಇರ್ಬೇಕು. ನಾ ಬಂದಾಗ ಅಲ್ಲಿ ಕೂಡ್ತೀನಿ.' ಆಗ ಸುಲಭದ ಮಾತು ಅನ್ನಿಸಿತು. ಆ ಕಲ್ಲು ನೆಲದಲ್ಲಿ ಹೂತಿರುವುದು ಸರಿಯಾಗಿ ನಾವು ಫ್ರಿಜ್ ಇಡಬೇಕೆಂದಿದ್ದ ಮೂಲೆಯಲ್ಲಿ. ಫ್ರಿಜ್ ಇವತ್ತಿಗೂ ನಡುಮನೆಯಲ್ಲಿದೆ.

ನನ್ನ ದೊಡ್ಡ ತಪ್ಪಿನ ವಿಷಯಕ್ಕೆ ಬರುತ್ತೇನೆ. 2022ರ ಬೇಸಿಗೆಯಲ್ಲಿ ಒಬ್ಬ ಗುತ್ತಿಗೆದಾರನನ್ನು ಹಿಡಿದೆ. ಮೊಬೈಲಿನಲ್ಲಿ ಫೋಟೊ ತೋರಿಸಿದ, ಚಂದ ಮಾತಾಡಿದ, 80,000 ಮುಂಗಡ ತೆಗೆದುಕೊಂಡ. ಉತ್ತರದ ಗೋಡೆ ಯಾವಾಗಲೂ ತೇವ ಇರುತ್ತಿತ್ತು. ಅದಕ್ಕೆ ಹೊರಗಿನಿಂದ ಸಿಮೆಂಟು, ಅದರ ಮೇಲೆ ಯಾವುದೋ ವಾಟರ್‌ಪ್ರೂಫ್ ಕೆಮಿಕಲ್ ಎರಡು ಕೋಟು ಬಳಿದು, ಹತ್ತು ವರ್ಷ ನೋಡೋ ಹಾಗಿಲ್ಲ ಎಂದು ಹೋದ. ಹತ್ತು ವರ್ಷ ದೂರ ಉಳೀತು, ಆಗಸ್ಟ್ ತಿಂಗಳಲ್ಲೇ ಒಳಗಿನ ಗೋಡೆ ಮೊದಲಿಗಿಂತ ಡಬಲ್ ಒದ್ದೆಯಾಯಿತು. ನೆಲದಿಂದ ಎರಡು ಅಡಿವರೆಗೆ ಇದ್ದ ತೇವ ನಾಲ್ಕು ಅಡಿಗೆ ಏರಿತ್ತು. ಅವನ ಫೋನು ಮೊದಲು ಬ್ಯುಸಿ, ಆಮೇಲೆ ಸ್ವಿಚ್ ಆಫ್.

ಆಗ ಪಕ್ಕದ ಮನೆ ಕಾಕಾನೇ, ನಾವೀಗ ಚಾಚಾ ಎನ್ನುವ ಒಬ್ಬ ಹಿರಿಯ ಗೌಂಡಿಯನ್ನು ಕರೆದುಕೊಂಡು ಬಂದರು. ವಯಸ್ಸು ಎಪ್ಪತ್ತರ ಹತ್ತಿರ, ಮೂರು ತಲೆಮಾರಿನಿಂದ ಗೌಂಡಿ ಕೆಲಸ. ಸುಣ್ಣದ ಕೆಲಸ ಗೊತ್ತಿರುವ ಗೌಂಡಿಗಳು ಈಗ ಸಿಗುವುದೇ ಅಪರೂಪ. ಚಾಚಾ ಬಂದವರು ಮಾಳಿಗೆ ನೋಡಲಿಲ್ಲ, ಬಿರುಕು ನೋಡಲಿಲ್ಲ. ಸೀದಾ ಪಡಸಾಲೆ ಗೋಡೆಗೆ ಹೋಗಿ ಅಂಗೈ ಇಟ್ಟು ನಿಂತರು. ಆಮೇಲೆ ಉಳಿಯಿಂದ ಒಂದು ಕಡೆ ಮೆಲ್ಲಗೆ ಎಬ್ಬಿಸಿದರು. ರೊಟ್ಟಿ ತವಾ ಅಗಲದ ಸಿಮೆಂಟು ಹೋಳು ಹಾಗೇ ಕಳಚಿ ಕೈಗೆ ಬಂತು. ಅದರ ಹಿಂಬದಿ ಬೆವರಿದ ಹಾಗೆ ಹನಿ ಹನಿ ನೀರು. ಅದರ ಹಿಂದೆ ಕಲ್ಲುಗಳ ನಡುವಿನ ಮಣ್ಣು ನಾದಿದ ಹಿಟ್ಟಿನ ಹಾಗೆ ಮೆತ್ತಗಾಗಿತ್ತು. ಚಾಚಾ ಬೆರಳು ಹಾಕಿ ಒಂದಿಷ್ಟು ತೆಗೆದು ನನ್ನ ಕೈಯಲ್ಲಿಟ್ಟರು.

'ಸಾಹೇಬ್ರ, ಈ ಮನಿ ಹಳೇದಾಗಿ ಹಾಳಾಗಿಲ್ಲ. ರಿಪೇರಿ ಮಾಡಿ ಹಾಳಾಗ್ಯಾದ. ಗ್ವಾಡಿಗಿ ಬೆವರು ಬರ್ತದ್ರಿ. ನೀವು ಅದಕ್ಕ ರೇನ್‌ಕೋಟ್ ತೊಡಿಸೀರಿ.'

ವಿಷಯ ಇಷ್ಟೇ. ಹಳೇ ಕಲ್ಲು ಮಣ್ಣಿನ ಗೋಡೆಗೆ ಕೆಳಗೆ ನೀರು ತಡೆಯುವ ಯಾವ ವ್ಯವಸ್ಥೆಯೂ ಇರುವುದಿಲ್ಲ. ನೆಲದಿಂದ ತೇವ ಏರುತ್ತಲೇ ಇರುತ್ತದೆ. ಮಣ್ಣು ಅಥವಾ ಸುಣ್ಣದ ಗಿಲಾವು ಇದ್ದರೆ ಅದು ಅಲ್ಲಲ್ಲೇ ಆರಿಹೋಗುತ್ತದೆ. ನಮ್ಮ ಕಡೆ ಬಿಸಿಲಿಗೇನು ಕಡಿಮೆ? ಆದರೆ ಮೇಲೆ ಸಿಮೆಂಟು ಹಚ್ಚಿದರೆ ಆ ತೇವಕ್ಕೆ ಹೊರಗೆ ಬರಲು ದಾರಿ ಇಲ್ಲ. ಒಳಗೇ ಮೇಲಕ್ಕೆ ಹತ್ತುತ್ತದೆ, ಮಣ್ಣು ಕರಗಿಸುತ್ತದೆ. ಮಾಳಿಗೆಯಿಂದ ಗೋಡೆಯೊಳಗೆ ಇಳಿದ ನೀರೂ ಹೀಗೇ ಆರದೆ, ಜಂತಿಯ ತುದಿ ಕೂತಿರುವ ಜಾಗದಲ್ಲೇ ಉಳಿಯುತ್ತದೆ. ಅಲ್ಲಿ ಕಟ್ಟಿಗೆ ಕೊಳೆತು, ಗೆದ್ದಲು ಹತ್ತಿ, ಒಂದು ಜೋರು ಮಳೆಗೆ ಮುರಿಯುತ್ತದೆ. ನಮ್ಮ ಮೂಲೆ ಕುಸಿದಿದ್ದು ಹೀಗೆ. ಮಳೆ ಬರೀ ನೆಪ.

ಆ ಸಿಮೆಂಟು ಹಚ್ಚಿಸಿದವರು ಯಾರು? ನಮ್ಮಪ್ಪ. 1996ರಲ್ಲಿ ನಿವೃತ್ತಿಯಾದಾಗ ಬಂದ ದುಡ್ಡಲ್ಲಿ ಒಳಗೆ ಹೊರಗೆ ಪೂರ್ತಿ ಸಿಮೆಂಟು ಗಿಲಾವು ಮಾಡಿಸಿ, ಮೇಲೆ ಆಯಿಲ್ ಪೇಂಟ್ ಹೊಡೆಸಿದ್ದರು. ತಪ್ಪು ಎಂದು ಹೇಗೆ ಹೇಳಲಿ? ಆಗ ಎಲ್ಲರೂ ಅದನ್ನೇ ಮಾಡುತ್ತಿದ್ದರು. ಪಕ್ಕದಲ್ಲೇ ಸಿಮೆಂಟ್ ಫ್ಯಾಕ್ಟರಿಗಳು, ಮಣ್ಣಿನ ಗೋಡೆ ಎಂದರೆ ಬಡತನ, ಸಿಮೆಂಟಿನ ಗೋಡೆ ಎಂದರೆ ಮರ್ಯಾದೆ. ತಮಾಷೆ ನೋಡಿ, ಇದೇ ನೆಲದ ಸುಣ್ಣದ ಕಲ್ಲನ್ನು 900 ಡಿಗ್ರಿ ಆಸುಪಾಸಿನಲ್ಲಿ ಸುಟ್ಟರೆ ಸುಣ್ಣ, ಒಂದಿಷ್ಟು ಮಣ್ಣು ಸೇರಿಸಿ 1450 ಡಿಗ್ರಿವರೆಗೆ ಸುಟ್ಟರೆ ಸಿಮೆಂಟು. ಒಂದೇ ತಾಯಿ ಮಕ್ಕಳು. ನಮ್ಮ ಗೋಡೆಗೆ ಹೊಂದುವ ಸೊಸೆ ಒಬ್ಬಳೇ.

ಕೆತ್ತುವ ಕೆಲಸ ಶುರುವಾದ ದಿನ ಅವ್ವನನ್ನು ಕರೆದುಕೊಂಡು ಹೋಗಬಾರದಿತ್ತು. ಒಂದೊಂದು ಹೋಳು ಬಿದ್ದಾಗಲೂ, 'ನಿಮ್ಮಪ್ಪ ಮೂರು ತಿಂಗಳು ನಿಂತು ಹಚ್ಚಿಸಿದ್ದು' ಎನ್ನುತ್ತಿದ್ದಳು. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಹಿತ್ತಿಲ ಬಾಗಿಲ ಪಕ್ಕದಲ್ಲಿ, ಹಸಿ ಸಿಮೆಂಟಿನ ಮೇಲೆ ಅಪ್ಪ ಬೆರಳಿಂದ ಬರೆದ 1996 ಇತ್ತು. ಆರಕ್ಕೆ ಸ್ವಲ್ಪ ಜಾಸ್ತಿ ಬಾಲ. ಚಾಚಾ ಅದರ ಸುತ್ತ ಚೌಕ ಕೆತ್ತಿ ಅದೊಂದನ್ನು ಬಿಟ್ಟರು. ಅಷ್ಟು ತುಂಡು ಸಿಮೆಂಟಿನಿಂದ ಮನೆಗೇನೂ ಆಗಲ್ಲ ಎಂದರು. ಅವ್ವ ಎದ್ದು ಕೈ ತೊಳೆದುಕೊಂಡಳು.

ಮಾಳಿಗೆ. ಇದು ನನಗೆ ಗೊತ್ತೇ ಇಲ್ಲದ ಲೋಕ. ತೊಲೆ, ಅದರ ಮೇಲೆ ಜಂತಿ, ಜಂತಿ ಮೇಲೆ ಫರಸಿ, ಫರಸಿ ಮೇಲೆ ಬೇವಿನ ಸೊಪ್ಪು, ಅದರ ಮೇಲೆ ಸವಳು ಮಣ್ಣು. ಸವಳು ಮಣ್ಣೇ ಯಾಕೆ ಎಂದರೆ ಅದರಲ್ಲಿ ಉಪ್ಪಿರುವುದರಿಂದ ಹುಲ್ಲು ಹುಟ್ಟುವುದಿಲ್ಲ, ನೀರು ಬಿದ್ದಾಗ ಉಬ್ಬಿಕೊಂಡು ಸಂದು ಮುಚ್ಚುತ್ತದೆ. ಪ್ರತಿ ವರ್ಷ ಮಿರಗದ, ಅಂದರೆ ಮೃಗಶಿರಾ ಮಳೆಗೆ ಮುಂಚೆ ಒಂದಿಷ್ಟು ಹೊಸ ಮಣ್ಣು ಹಾಕಿ ಬಡಿಯುವುದು ರೂಢಿ. ಹಳೇದನ್ನು ಕೆರೆದು ತೆಗೆದು ಹೊಸದು ಹಾಕಬೇಕು. ತೆಗೆಯುವ ಕೆಲಸ ಯಾರೂ ಮಾಡಿರಲಿಲ್ಲ. ಹಾಕಿದ್ದರ ಮೇಲೆ ಹಾಕಿ ಹಾಕಿ ಒಂದೂವರೆ ಅಡಿ ಆಗಿತ್ತು.

ಒಂದು ರಾತ್ರಿ ಸುಮ್ನೆ ಲೆಕ್ಕ ಹಾಕಿದೆ. ಮೂವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲ, ಒಂದೂವರೆ ಅಡಿ ಎತ್ತರ. ಬಡಿದ ಮಣ್ಣಿಗೆ ಒಂದು ಘನ ಮೀಟರಿಗೆ ಒಂದೂವರೆ ಟನ್ನಿನ ಮೇಲೆಯೇ ಭಾರ ಹಿಡಿದರೂ ಒಟ್ಟು 40 ಟನ್ ಹತ್ತಿರ ಬಂತು. ಒದ್ದೆಯಾದರೆ ಇನ್ನೂ ಜಾಸ್ತಿ. ನಾನು ಚಿಕ್ಕವನಿದ್ದಾಗ ಅದರ ಕೆಳಗೆ ಮಲಗಿ ಜಂತಿ ಎಣಿಸುತ್ತಿದ್ದೆ! ಟ್ರ್ಯಾಕ್ಟರಿನಲ್ಲಿ ಹದಿನಾಲ್ಕು ಟ್ರಿಪ್ ಮಣ್ಣು ಇಳಿಸಿದೆವು. ಭಾರ ಇಳಿದ ಎರಡು ಮೂರು ದಿನ ರಾತ್ರಿ ತೊಲೆಗಳು ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದವು. ಕಾಯಲಿಕ್ಕೆ ಮಲಗಿದ್ದ ಹುಡುಗ ದೆವ್ವ ಎಂದು ಎದ್ದು ಓಡಿದ್ದ.

ತೊಲೆಗಳು ಸಾಗವಾನಿ, ಒಂದಕ್ಕೂ ಏನೂ ಆಗಿರಲಿಲ್ಲ. ಜಂತಿಗಳು ಬೇವಿನವು. ಅಡುಗೆಮನೆಯ ಜಂತಿಗಳು ಒಲೆ ಹೊಗೆಗೆ ಕಪ್ಪಗೆ ಮಿರಮಿರ ಮಿಂಚುತ್ತಿದ್ದವು, ಒಂದಕ್ಕೂ ಗೆದ್ದಲು ಹತ್ತಿಲ್ಲ. ಗ್ಯಾಸ್ ಬಂದ ಮೇಲೆ ನಮ್ಮ ಮನೆಗಳಿಗೆ ಹೊಗೆ ಇಲ್ಲ, ಗೆದ್ದಲಿಗೆ ಹಬ್ಬ. ಒಟ್ಟು ಹನ್ನೊಂದು ಜಂತಿ ಬದಲಾಯಿಸಿದೆವು. ಮತ್ತೆ ಮಣ್ಣು ಹಾಕಲಿಲ್ಲ. ಫರಸಿ ಹಾಸಿ, ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಗಚ್ಚು ನಾಲ್ಕು ಇಂಚು. ಅದನ್ನು ಆರು ಜನ ಸಾಲಾಗಿ ಕುಕ್ಕರುಗಾಲಲ್ಲಿ ಕೂತು ಕಟ್ಟಿಗೆ ಬಡಿಗೆಯಿಂದ ಐದು ದಿನ ಬಡಿದರು, ನಡುನಡುವೆ ಬೆಲ್ಲದ ನೀರು ಚಿಮುಕಿಸುತ್ತಾ. ಓಣಿಯ ಇರುವೆಯೆಲ್ಲ ನಮ್ಮ ಮಾಳಿಗೆ ಮೇಲೆ.

ಸುಣ್ಣದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಮೋಸ ಹೋಗುವುದು ಇಲ್ಲೇ. ಅಂಗಡಿಯಲ್ಲಿ ಗೋಡೆಗೆ ಬಳಿಯಲು ಸಿಗುವ ಪುಡಿ ಸುಣ್ಣದ ಚೀಲ ಇದಕ್ಕೆ ಬರುವುದಿಲ್ಲ. ಅದು ಗಾಳಿ ತಾಗಿ ಅರ್ಧ ಸತ್ತಿರುತ್ತದೆ. ಚಾಚಾ ಭಟ್ಟಿಯಿಂದ ಸುಟ್ಟ ಗಟ್ಟಿಯೇ ಬೇಕೆಂದು ಹಟ ಹಿಡಿದರು. ಹಿತ್ತಿಲಲ್ಲಿ ಗುಂಡಿ ತೋಡಿ, ನೀರು ತುಂಬಿ, ಗಟ್ಟಿಗಳನ್ನು ಹಾಕಿದರೆ ಒಂದು ನಿಮಿಷ ಏನೂ ಇಲ್ಲ. ಆಮೇಲೆ ಕೊತಕೊತ ಕುದಿಯಲಿಕ್ಕೆ ಹತ್ತಿತು. ಬೆಂಕಿಯೇ ಇಲ್ಲದೆ ಕುದಿ! ಮಕ್ಕಳನ್ನು ಕಟ್ಟೆ ಮೇಲೆ ನಿಲ್ಲಿಸಿ, ಕೆಳಗಿಳಿದರೆ ಕಾಲು ಮುರೀತೀನಿ ಎಂದು ಹೆದರಿಸಿದ್ದೆ. ಕಣ್ಣಿಗೆ ಒಂದು ಹನಿ ಸಿಡಿದರೂ ಕಣ್ಣೇ ಹೋಗಬಹುದು. ಕೆಲಸದವರಿಗೆ ಕನ್ನಡಕ ತಂದುಕೊಟ್ಟೆ, ಹಾಕಿಕೊಂಡಿದ್ದು ಇಬ್ಬರೇ. ಹೀಗೆ ಅರಳಿಸಿದ ಸುಣ್ಣವನ್ನು ಒಂದು ತಿಂಗಳು ನೀರಿನೊಳಗೇ ಬಿಟ್ಟೆವು. ತೆಗೆದಾಗ ಬೆಣ್ಣೆ. ಅದರ ಒಂದು ಪಾಲಿಗೆ ಎರಡು ಪಾಲು ಮರಳು, ಒಂದು ಪಾಲು ಸುರ್ಕಿ, ಅಂದರೆ ಸುಟ್ಟ ಇಟ್ಟಿಗೆಯ ಪುಡಿ. ಹಿಂದೆ ಎತ್ತು ಕಟ್ಟಿ ಗಾಣದಲ್ಲಿ ಅರೆಯುತ್ತಿದ್ದರಂತೆ. ನಾವು ಮಿಕ್ಸರ್ ಬಾಡಿಗೆಗೆ ತಂದೆವು. ಚಾಚಾಗೆ ಅದು ಕೊನೆವರೆಗೂ ಇಷ್ಟ ಆಗಲಿಲ್ಲ.

ಇನ್ನೊಂದು. ಸುಣ್ಣ ಬಿಸಿಲಲ್ಲಿ ಬೇಗ ಒಣಗಿದರೆ ಪುಡಿಯಾಗಿ ಉದುರುತ್ತದೆ. ಅದು ಗಾಳಿಯನ್ನು ಹೀರಿಕೊಂಡು ನಿಧಾನ ಮತ್ತೆ ಕಲ್ಲಾಗಬೇಕು. ಹಾಗಾಗಿ ನಮ್ಮ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಈ ಕೆಲಸ ಬೇಡವೇ ಬೇಡ. ನಾವು ದೀಪಾವಳಿ ಮುಗಿದ ಮೇಲೆ ಶುರು ಮಾಡಿದೆವು. ಹಸಿ ಗೋಣಿಚೀಲ ತೂಗುಬಿಟ್ಟು, ದಿನಕ್ಕೆ ಮೂರು ಸಲ ನೀರು. ನನಗೆ ಅವಸರ. ಇನ್ನೂ ಎಷ್ಟು ದಿನ ಎಂದು ಕೇಳಿದ್ದಕ್ಕೆ ಚಾಚಾ, 'ಕಲಬುರಗಿ ಕೋಟಿ ಒಳಗಿನ ಜಾಮಿ ಮಸೀದಿ ನೋಡೀರಿ?' ಎಂದರು. ನೋಡಿದ್ದೇನೆ. 1367ರದ್ದು, ಅಂಗಳವೇ ಇಲ್ಲದೆ ಪೂರ್ತಿ ಗುಮ್ಮಟಗಳಿಂದ ಮುಚ್ಚಿರುವ ಮಸೀದಿ, ಒಳಗೆ ಹೋದರೆ ಮೇ ತಿಂಗಳಲ್ಲೂ ತಂಪು. 'ಅದಕ್ಕೂ ಇದೇ ಸುಣ್ಣ. ಅವರೂ ನಿಮ್ಮಂಗ ಅವಸರ ಮಾಡಿದ್ರ ಇಷ್ಟೊತ್ತಿಗಿ ಎಲ್ಲಿರ್ತಿತ್ತು?' ನಾನು ಸುಮ್ಮನಾದೆ.

ಪಡಸಾಲೆ ನೆಲದ ಫರಸಿ ಎಬ್ಬಿಸುವಾಗ ಒಂದು ಕಲ್ಲು ಟೊಳ್ಳು ಸದ್ದು ಕೊಟ್ಟಿತು. ಹಾರೆ ಹಾಕಿ ಎತ್ತಿದರೆ ಕೆಳಗೆ ಎರಡು ಅಡಿ ಅಗಲದ ಬಾಯಿ. ಹಗೇವು, ಕಾಳು ಕೂಡಿಡುವ ನೆಲದೊಳಗಿನ ಗುಂಡಿ! ಮನೆಯಲ್ಲೊಂದು ಹಗೇವು ಇದೆ ಎಂದು ಅವ್ವ ಕೇಳಿದ್ದಳು, ಎಲ್ಲಿ ಎಂದು ಯಾರಿಗೂ ಗೊತ್ತಿರಲಿಲ್ಲ. ಕೆಲಸದ ಹುಡುಗ ಒಬ್ಬ ಬಂಗಾರ ಇರಬಹುದು ಎಂದು ಕಾಲು ಇಳಿಬಿಟ್ಟೇ ಬಿಟ್ಟ. ಚಾಚಾ ಅವನ ಅಂಗಿ ಹಿಡಿದು ಹಿಂದಕ್ಕೆ ಎಳೆದ ರಭಸಕ್ಕೆ ಎರಡು ಗುಂಡಿ ಕಿತ್ತುಹೋದವು. ಲಾಟೀನು ತರಿಸಿ, ಹಚ್ಚಿ, ಹಗ್ಗ ಕಟ್ಟಿ ಮೆಲ್ಲಗೆ ಇಳಿಸಿದರು. ಒಂದು ಮೊಳ, ಎರಡು ಮೊಳ. ಜ್ವಾಲೆ ಸಣ್ಣಗಾಯಿತು, ಪಕ್ಕಕ್ಕೆ ವಾಲಿತು, ಆರಿಹೋಯಿತು. ಯಾರೂ ಮಾತಾಡಲಿಲ್ಲ. ಕಾಳು ತುಂಬಿ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಕಟ್ಟಿಕೊಳ್ಳುತ್ತದೆ, ಅದು ಭಾರ, ತಳದಲ್ಲೇ ಕೂತಿರುತ್ತದೆ. ಇಳಿದವನು ಕೂಗುವಷ್ಟರಲ್ಲಿ ಎಚ್ಚರ ತಪ್ಪುತ್ತಾನೆ, ತೆಗೆಯಲಿಕ್ಕೆ ಇಳಿದವನೂ ಅಷ್ಟೇ. ಎರಡು ದಿನ ಬಾಯಿ ತೆರೆದಿಟ್ಟು, ಕಂಬಳಿ ಇಳಿಬಿಟ್ಟು ಮೇಲೆ ಕೆಳಗೆ ಆಡಿಸಿ ಗಾಳಿ ಹೊರಗೆ ತಂದು, ಮತ್ತೆ ಲಾಟೀನು ಇಳಿಸಿ, ಅದು ತಳದಲ್ಲಿ ಉರಿಯುತ್ತಾ ನಿಂತ ಮೇಲೆಯೇ ಇಳಿದಿದ್ದು. ಒಂಬತ್ತು ಅಡಿ ಆಳ, ಹೊಟ್ಟೆ ಉಬ್ಬಿದ ಗಡಿಗೆಯ ಹಾಗೆ. ಒಳಗೆ ಪುಡಿಯಾದ ಹುಲ್ಲು, ಕರಿ ಬಿದ್ದ ಒಂದು ಹಿಡಿ ಜೋಳ, ತುಕ್ಕು ಹಿಡಿದ ಕುಡಗೋಲು. ಬಂಗಾರ ಇರಲಿಲ್ಲ. ಈಗ ಅದರ ಬಾಯಿಗೆ ಕಬ್ಬಿಣದ ಬಳೆ ಇರುವ ಫರಸಿ ಮುಚ್ಚಿ, ಬೀಗ ಹಾಕಿದ್ದೇವೆ. ನೀರಿನ ಟಾಕಿ ಮಾಡಿ ಎಂದು ಮೂರು ಜನ ಸಲಹೆ ಕೊಟ್ಟರು. ಪಾಯದ ಪಕ್ಕದಲ್ಲೇ ನೀರು ನಿಲ್ಲಿಸಲಿಕ್ಕೆ ನನಗೇನು ಹುಚ್ಚೇ?

ಹಳೇ ಮನೆ ನೋಡಲಿಕ್ಕೆ ಚಂದ, ಇರಲಿಕ್ಕೆ ಬೇರೆ ಮಾತು. ಅವ್ವನಿಗೆ ಮೊಣಕಾಲು ನೋವು. ಪಾಯಖಾನೆ ಹಿತ್ತಿಲ ತುದಿಯಲ್ಲಿತ್ತು. ಮನೆಯೊಳಗೆ ಮಾಡೋಣ ಎಂದರೆ ಕಲ್ಲು ಮಣ್ಣಿನ ಗೋಡೆಗೆ ಮತ್ತೆ ನೀರು. ಅದಕ್ಕೇ ಅಡುಗೆಮನೆ ಹಿಂದೆ ಬೇರೆಯೇ ಒಂದು ಸಣ್ಣ ಇಟ್ಟಿಗೆ ಕೋಣೆ ಕಟ್ಟಿಸಿ, ಒಳಗಿನಿಂದಲೇ ಬಾಗಿಲು ಕೊಟ್ಟೆವು. ಅದಕ್ಕೆ ಸಿಮೆಂಟೇ. ಚಾಚಾನೂ ಒಪ್ಪಿದರು. ಎರಿ, ಅಂದರೆ ಕಪ್ಪು ಮಣ್ಣಿನ ಭೂಮಿ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ, ಅದಕ್ಕಾಗಿ ಎರಿ ಪೂರ್ತಿ ತೆಗೆದು ಕಲ್ಲು ಸಿಗುವವರೆಗೆ ಪಾಯ ಅಗೆಸಿದೆವು. ಹಳೇ ಗೋಡೆಗೂ ಹೊಸ ಗೋಡೆಗೂ ನಡುವೆ ಬೆರಳಗಲ ಸಂದು. ಒಂದು ಕುಸಿದರೆ ಇನ್ನೊಂದನ್ನು ಎಳೆಯಬಾರದು, ಅಷ್ಟೇ.

ವೈರಿಂಗ್ ಕಲ್ಲಿನೊಳಗೆ ಹಾಕಲಾಗಲ್ಲ. ಗೋಡೆ ಮೇಲೆಯೇ ಕಟ್ಟಿಗೆ ಪಟ್ಟಿ ಹೊಡೆದು ಎಳೆದಿದ್ದಾರೆ, ಹಳೇ ಕಾಲದ ಹಾಗೆ. ವೈಫೈ ಎರಡೂವರೆ ಅಡಿ ಕಲ್ಲು ದಾಟುವುದಿಲ್ಲ. ಪಡಸಾಲೆಯಲ್ಲಿ ನಾಲ್ಕು ಗೆರೆ, ನಡುಮನೆಯಲ್ಲಿ ಸೊನ್ನೆ. ಬೆಳಕಿಂಡಿ ಮೊದಲು ಮಳೆ ಬಂದರೆ ಕಲ್ಲು ಮುಚ್ಚುವ ತೂತು, ಈಗ ಗಾಜು. ಅಡುಗೆ ಕಟ್ಟೆಗೆ ಪಾಲಿಶ್ ಮಾಡಿದ ಫರಸಿಯೇ ಬೇಕೆಂದು ಹಟ ಮಾಡಿ ಹಾಕಿಸಿದವನು ನಾನು. ಮೊದಲ ವಾರವೇ ಹೆಂಡತಿ ಅರ್ಧ ನಿಂಬೆಹಣ್ಣು ಬೋರಲು ಹಾಕಿ ಶಾಲೆಗೆ ಹೋದಳು. ಸಂಜೆಗೆ ಅಲ್ಲಿ ಬೆಳ್ಳಗೆ ಉಂಗುರ, ಕೈಯಾಡಿಸಿದರೆ ಖರಖರ. ಸುಣ್ಣದ ಕಲ್ಲಿಗೆ ಹುಳಿ ಆಗದು. ಬಚ್ಚಲಿಗೆ ಆಸಿಡ್ ಹಾಕಿ ತೊಳೆಯುವವರು ಈ ಕಲ್ಲು ಹಾಕಿಸಲೇಬೇಡಿ. ನಮ್ಮ ಕಟ್ಟೆ ಮೇಲೆ ಈಗ ಅಂಥ ಉಂಗುರ ಏಳಿವೆ.

ದುಡ್ಡು? ಒಂಬತ್ತು ಲಕ್ಷ ಎಂದುಕೊಂಡು ಶುರು ಮಾಡಿದ್ದು ಹದಿನಾರು ದಾಟಿತು. ಅದರಲ್ಲಿ ಆ 80,000 ಕೂಡ ಇದೆ. ಅವನು ಬಳಿದಿದ್ದನ್ನು ಕೆತ್ತಿಸಿದ ಕೂಲಿ ಬೇರೆ. ಸಾಮಾನಿಗಿಂತ ಕೂಲಿಯೇ ಹೆಚ್ಚು.

2023ರ ಮೇ ಕೊನೆಗೆ, ಶಾಲೆ ಶುರುವಾಗುವ ಮುಂಚೆ ಬಂದು ಸೇರಿದೆವು. ಬಾಗಿಲು ಗಿಡ್ಡ. ಮೊದಲ ತಿಂಗಳು ನಾನು ತಲೆ ಬಡಿಸಿಕೊಂಡಿದ್ದಕ್ಕೆ ಲೆಕ್ಕವಿಲ್ಲ, ಅವ್ವ ಪ್ರತಿ ಸಲವೂ ನಕ್ಕಳು. ಮರುವರ್ಷದ ಏಪ್ರಿಲ್ ತಿಂಗಳಲ್ಲಿ ಮಗಳು ಶಾಲೆಯ ಪ್ರಾಜೆಕ್ಟಿಗೆ ಎಂದು ಥರ್ಮಾಮೀಟರ್ ತೂಗುಹಾಕಿದಳು. ಮಧ್ಯಾಹ್ನ ಮೂರಕ್ಕೆ ಕಟ್ಟೆ ಮೇಲೆ 43, ನಡುಮನೆಯಲ್ಲಿ 34. ಕಲಬುರಗಿಯ ಬಾಡಿಗೆ ಮನೆಯಲ್ಲಿ ಸ್ಲ್ಯಾಬು ರಾತ್ರಿ ಹನ್ನೆರಡಕ್ಕೂ ಕಾವು ಇಳಿಸುತ್ತಿತ್ತು, ಕೂಲರ್ ಇಲ್ಲದೆ ನಿದ್ದೆ ಇಲ್ಲ. ಇಲ್ಲಿ ಕೂಲರ್ ಅಟ್ಟ ಸೇರಿದೆ. ಎಳ್ಳಮಾಸಿಗೆ ಅತ್ತೆ ಬಂದಿದ್ದರು. ಬೀಸೋಕಲ್ಲಿನ ಮುಂದೆ ಕೂತು ಒಂದು ಹಿಡಿ ಸಜ್ಜೆ ಬೀಸಿ, ಸೊಂಟ ಹಿಡಿಯಿತೆಂದು ಎದ್ದರು. ಉಳಿದಿದ್ದನ್ನು ಗಿರಣಿಗೆ ಕಳಿಸಿದೆವು.

ಆ ವರ್ಷದ ಮಳೆಗಾಲ ಮುಗಿದ ಮೇಲೆ ಉತ್ತರದ ಗೋಡೆಯಲ್ಲಿ, ಒಂದು ಅಡಿ ಎತ್ತರದಲ್ಲಿ, ಬಿಳಿ ಪುಡಿ ಎದ್ದಿತು. ನನಗೆ ಎದೆ ಧಸಕ್ ಎಂದಿತು. ಇಷ್ಟೆಲ್ಲ ಮಾಡಿ ಮತ್ತೆ ಅದೇ! ಫೋಟೊ ಕಳಿಸಿದರೆ ಚಾಚಾಗೆ ಮೊಬೈಲಿನಲ್ಲಿ ಕಾಣಿಸದು. ಫೋನ್ ಮಾಡಿದೆ.

'ಉಪ್ಪು ಅದ್ರಿ ಸಾಹೇಬ್ರ. ಮೂವತ್ತು ವರ್ಷ ಒಳಗ ಕುಂತಿತ್ತು, ಈಗ ಹೊರಗ ಬರ್ಲಿಕತ್ತದ. ಬರ್ಲಿ ಬಿಡ್ರಿ. ಒದ್ದಿ ಬಟ್ಟಿಲೆ ಒರೆಸಬ್ಯಾಡ್ರಿ, ಮತ್ತ ಒಳಗ ಹೋಗ್ತದ. ಒಣ ಕಸಬರಗಿಲೆ ಝಾಡಸ್ರಿ.'

'ಎಷ್ಟು ದಿನ ಚಾಚಾ?'

'ನಾಕು ವರ್ಷ, ಐದು ವರ್ಷ. ಅಕ್ಕೋರಿಗಿ ಹೇಳ್ರಿ, ಆ ಗ್ವಾಡಿಗಿ ಕಪಾಟು ಹಚ್ಚಬ್ಯಾಡ್ರಿ ಅಂತ.'

ಕಪಾಟು ಆಗಲೇ ಹಚ್ಚಿಯಾಗಿತ್ತು. ಎಳೆದು ಈಚೆ ಇಟ್ಟೆವು. ಈಗ ಭಾನುವಾರ ಬೆಳಿಗ್ಗೆ ಒಣ ಕಸಬರಿಗೆ ಹಿಡಿದು ಆ ಗೋಡೆ ಝಾಡಿಸುವುದು ನನ್ನ ಕೆಲಸ. ಮಗಳು ಕೆಳಗೆ ಪೇಪರ್ ಹಿಡಿದು ಬಿದ್ದ ಉಪ್ಪನ್ನು ಬೆಂಕಿಪೊಟ್ಟಣಕ್ಕೆ ತುಂಬುತ್ತಾಳೆ, ಮೇಲೆ ತಾರೀಖು ಬರೆಯುತ್ತಾಳೆ. ಹೋದ ವಾರದ ಪೊಟ್ಟಣ ಅರ್ಧವೂ ತುಂಬಲಿಲ್ಲ.